ಹೊತ್ತು ಮುಳುಗುವ ತನಕ ಬರೆದ ಭೀಮಸೇನರು

ಎಲ್ಲರಿಗೂ ನಮಸ್ಕಾರ. ಭೀಮಸೇನರ ಪತ್ನಿ ಹೇಮಾಕ್ಷಿ ಅಕ್ಕನವರೇ, ವಿಶಾಖಪಟ್ಟಣದಿಂದ ಬಂದಿರುವ ಅವರ ಮಗಳು ಮೇಧಾ, ಬ್ಯಾಂಕಿನ ಹಳಬರೇ, ಹೊಸಬರೇ, ಪಟಮಟದ ನೆರೆಹೊರೆಯವರೇ — ಕುರ್ಚಿ ಸಿಗದವರು ಗೋಡೆಗೆ ಒರಗಿಕೊಳ್ಳಿ. ನನಗೂ ಒರಗಿಕೊಳ್ಳಬೇಕು ಅನ್ನಿಸುತ್ತಿದೆ. ಈ ವರ್ಷ ಇದೇ ಹಾಲ್‌ನಲ್ಲಿ ಹಾರ ಹಾಕಿದ ಫೋಟೋ ಪಕ್ಕ ನಿಂತು ನಾನು ಮಾತಾಡುತ್ತಿರುವುದು ಇದು ಎರಡನೆಯ ಸಲ. ಸಾಕಾಗಿದೆ, ಸ್ವಾಮಿ.

ನಾನು ಅಶ್ವತ್ಥ, ಹಾಸನದ ಕಡೆಯವನು. ವರ್ಗವಾಗಿ ವಿಜಯವಾಡಕ್ಕೆ ಬಂದಾಗ ದಿವಂಗತ ಭೀಮಸೇನರು ನಮ್ಮ ಶಾಖೆಯ ಮ್ಯಾನೇಜರು. ಧಾರವಾಡದವರು, ಬೈದರೂ 'ರೀ' ಹಚ್ಚಿಯೇ ಬೈಯುತ್ತಿದ್ದರು.

ಈ ಕಾಗದ ನೋಡಿ — ಪೆನ್ಸಿಲಿನಲ್ಲಿ ಬರೆದದ್ದು. ಫೋನಿನಲ್ಲಿ ಟೈಪ್ ಮಾಡಿಕೊಂಡು ಬಂದಿದ್ದರೆ ಅಕ್ಕ ನನ್ನನ್ನು ಒಳಗೆ ಬಿಡುತ್ತಿರಲಿಲ್ಲ. ಕಾಗೆಕಾಲು ಗುಬ್ಬಿಕಾಲು ಅಕ್ಷರ, ತಡವರಿಸಿದರೆ ಕ್ಷಮಿಸಿ.

ನಮ್ಮ ಕೆಲಸ ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ಬಂದು ಪರದೆ ಮುಂದೆ ಕೂತರೆ, ಹೊರಗೆ ಮಳೆಯೋ ಬಿಸಿಲೋ ತಿಳಿಯುವುದಿಲ್ಲ. ಮನೆಗೆ ಹೋದರೆ ಕೈಯಲ್ಲಿ ಇನ್ನೊಂದು ಪರದೆ. ದಣಿವಿದೆ, ನಿದ್ದೆಯಿಲ್ಲ — ನಮ್ಮೆಲ್ಲರ ಕಥೆ ಇಷ್ಟೇ. ಭೀಮಸೇನರಿಗೂ ಹಾಗೇ ಆಗಿತ್ತು. "ಕಣ್ಣ ಮುಚ್ಚಿದ್ರೂ ಒಳಗ ಟ್ಯೂಬ್‌ಲೈಟ್ ಹತ್ತೇ ಇರ್ತದ ನೋಡ್ರಿ, ಆರಸ್ಲಿಕ್ಕೆ ಸ್ವಿಚ್ಚ ಇಲ್ಲ" ಅನ್ನುತ್ತಿದ್ದರು. ಡಾಕ್ಟರು, ಸಂಜೆಯ ಮೇಲೆ ಫೋನು ಬೇಡ, ಬಿಳಿ ಲೈಟೂ ಬೇಡ ಅಂದರಂತೆ. ಹಾಗಾದರೆ ಸಂಜೆ ಏನು ಮಾಡುವುದು? ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ರಟ್ಟು, ಒಂದಷ್ಟು ಕಾಗದ ಹಿಡಿದು ಮನೆಯ ತಾರಸಿ ಹತ್ತಿದರು.

ಬರೆದದ್ದೇನು ಮಹಾಕಾವ್ಯವಲ್ಲ. ಬಸ್ಸಿನಲ್ಲಿ ಸೀಟಿಗಾಗಿ ನಡೆದ ಜಗಳ. ಅಕ್ಕ ಮಾಡಿದ ಜುಣಕಕ್ಕೆ ಉಪ್ಪು ಹೆಚ್ಚಾದದ್ದು. ಆದರೆ ನಿಯಮ ಒಂದಿತ್ತು — ದೀಪ ಹಾಕಬಾರದು. ಬರೆದ ಅಕ್ಷರ ತನಗೇ ಕಾಣದಾದಾಗ ಪೆನ್ಸಿಲ್ ಕೆಳಗಿಡಬೇಕು. ವಾಕ್ಯ ಅರ್ಧ ಆಗಿದ್ದರೂ ಸರಿ. ನಾನು ಒಮ್ಮೆ ಕೇಳಿದೆ, "ಅರ್ಧಕ್ಕೇ ಬಿಟ್ಟರೆ ತಲೆ ಕೊರೆಯಲ್ವಾ ಸರ್?" ಅಂತ. "ಕೊರೀಲಿ ಬಿಡ್ರಿ. ನಾಳೆ ಏಳ್ಲಿಕ್ಕೆ ಏನರೆ ಒಂದು ನೆವ ಬೇಕಲ್ಲ?" ಅಂದರು.

ರಾಮಮೋಹನ್ ಗಾರು ಇಲ್ಲೇ ಬಾಗಿಲ ಬಳಿ ಕೂತಿದ್ದಾರೆ, ಭೀಮಸೇನರ ಮನೆಯ ಮಾಲೀಕರು. ಬಾಡಿಗೆದಾರ ಕತ್ತಲಲ್ಲಿ ಕೂತು ಕಣ್ಣು ಹಾಳು ಮಾಡಿಕೊಳ್ಳುತ್ತಾನಲ್ಲ ಎಂದು ಮರುಗಿ, ಸ್ವಂತ ಖರ್ಚಿನಲ್ಲಿ ತಾರಸಿಗೆ ದೊಡ್ಡ ಬಲ್ಬ್ ಹಾಕಿಸಿದರು. ಮರುದಿನ ಭೀಮಸೇನರು ಬಲ್ಬ್ ಬಿಚ್ಚಿ, ಒರೆಸಿ, ಎರಡು ಲಾಡು ಸಮೇತ ವಾಪಸು ಕೊಟ್ಟು ಬಂದರು. "ಲೈಟ್ ಲೇಕುಂಡಾ ಎಲಾ ಸಾರ್?" ಎಂದು ಇವರು, ಲೈಟಿಲ್ಲದೆ ಹೇಗೆ ಅಂತ. ಅವರು ಕೈಮುಗಿದು ನಕ್ಕರು, ಅಷ್ಟೇ. ಲಾಡು ಮಾತ್ರ ಚೆನ್ನಾಗಿತ್ತು, ಅಲ್ಲವೇ ಗಾರು?

ಆಮೇಲೆ ನಾವೂ ಹೋಗತೊಡಗಿದೆವು. ಮೊದಲು ನಾನು, ನನ್ನ ಹಿಂದೆ ಬ್ಯಾಂಕಿನ ಮೂರು ನಾಲ್ಕು ಜನ. ಮೇಧಾ ಋಷಿಕೊಂಡದ ಗುಡ್ಡದ ಮೇಲಿನ ಕಂಪ್ಯೂಟರ್ ಆಫೀಸಿನಲ್ಲಿ ಕೆಲಸ ಮಾಡುವವಳು. ರಜೆಗೆ ಬಂದವಳನ್ನೂ ಕೂರಿಸಿದರು. "ಅಪ್ಪಾ, ನನಗೆ ಕನ್ನಡ ಬರೆಯೋಕೆ ಸರಿಯಾಗಿ ರಾದು" ಎಂದು ಅವಳು ತೆಲುಗು ಬೆರೆಸಿ ಗೋಗರೆದಾಗ, "ತೆಲುಗಿನ್ಯಾಗ ಬರಿಯವಾ. ಕೈ ನಿಂದ ಇರ್ಲಿ, ಸಾಕು" ಅಂದರು. ಆ ತಾರಸಿಯಿಂದ ಇಳಿದ ದಿನ ನನಗೆ ನಿದ್ದೆ ಬರುತ್ತಿತ್ತು. ಯಾಕೆ ಅಂತ ಡಾಕ್ಟರನ್ನು ಕೇಳಿ. ಬರುತ್ತಿತ್ತು, ಅಷ್ಟು ನನಗೆ ಗೊತ್ತು.

ಈಗ — ಇದನ್ನು ಹೇಳಲೋ ಬೇಡವೋ ಎಂದು ಯೋಚಿಸಿದ್ದೆ. ಅಕ್ಕ, "ಹೇಳ್ರಿ" ಅಂದಿದ್ದಾರೆ.

ಹೃದಯಾಘಾತವಾಗಿ ಅವರನ್ನು ಐಸಿಯುಗೆ ಸೇರಿಸಿದಾಗ ನಾನು ನೋಡಲು ಹೋದೆ. ಅಲ್ಲಿ ಕಿಟಕಿಯಿಲ್ಲ. ಹಗಲೂ ರಾತ್ರಿ ಒಂದೇ ಬೆಳಕು. ನನ್ನನ್ನು ನೋಡಿ ಮೊದಲು ಕೇಳಿದ್ದು, "ಹೊತ್ತ ಮುಳುಗೇದೇನ್ರಿ?" "ಇಲ್ಲ ಸರ್, ಇನ್ನೂ ಬೆಳಿಗ್ಗೆ" ಅಂದೆ. ಸಂಜೆ ಹೋದವರನ್ನೂ ಅದೇ ಕೇಳಿದರು. ಹೌದು ಅಂದರೆ, ಮೇಲಿನ ಲೈಟು ನೋಡಿ ನಂಬಲಿಲ್ಲ. ಮತ್ತೆ ಅವರ ಬೆರಳು — ಹೀಗೆ, ನೋಡಿ, ಹೀಗೆ — ಹಾಸಿಗೆಯ ಮೇಲೆ ಆಡುತ್ತಲೇ ಇತ್ತು. ಬರೆಯುತ್ತಿದ್ದರು! ಕಾಗದವಿಲ್ಲ, ಪೆನ್ಸಿಲ್ ಇಲ್ಲ, ಬರೆಯುತ್ತಿದ್ದರು. ನಿಲ್ಲಿಸಲು ಆಗುತ್ತಿರಲಿಲ್ಲ. ಬೆಳಕು ಹೋಗದಿದ್ದರೆ ಆ ಮನುಷ್ಯ ನಿಲ್ಲಿಸುವುದಾದರೂ ಹೇಗೆ?

ನಿದ್ದೆಯೇ ಇಲ್ಲ. ಕೈ ಆಡಿಸಿ ಆಡಿಸಿ ಸೂಜಿ ಕಿತ್ತು ಬರುತ್ತಿತ್ತು. ನರ್ಸಮ್ಮ ಒಳ್ಳೆಯವರು, ಅವರದೇನೂ ತಪ್ಪಿಲ್ಲ. ಲೈಟು ಆರಿಸುವ ಹಾಗಿಲ್ಲ, ಪಕ್ಕದಲ್ಲೂ ರೋಗಿಗಳಿದ್ದಾರೆ. ಕೊನೆಗೆ, ನಾನು, ಅಕ್ಕ, ಮೇಧಾ ಮೂವರೂ ಅಲ್ಲೇ ಇದ್ದಾಗ, ಬಟ್ಟೆಯ ಪಟ್ಟಿ ತಂದರು, ಕೈ ಕಟ್ಟಲಿಕ್ಕೆ. ಬರೆಯುವ ಕೈ. ನನಗೆ ನೋಡಲಾಗಲಿಲ್ಲ, ಗೋಡೆ ಕಡೆ ತಿರುಗಿದೆ.

"ಒಕ್ಕ ನಿಮಿಷಂ ಸಿಸ್ಟರ್" ಎಂದು ಮೇಧಾ ಅಂದದ್ದು ಕೇಳಿಸಿ ಈ ಕಡೆ ತಿರುಗಿದೆ. ಅಕ್ಕ ಮುಂದೆ ಬಂದರು. ಉಟ್ಟಿದ್ದ ಮಂಗಳಗಿರಿ ಸೀರೆಯ ಸೆರಗನ್ನು ಮಡಿಸಿ ಮಡಿಸಿ ದಪ್ಪ ಮಾಡಿ, ಅವರ ಕಣ್ಣಿನ ಮೇಲೆ ಇಟ್ಟರು. ಕಿವಿ ಹತ್ತಿರ ಬಗ್ಗಿದರು.

"ಹೊತ್ತ ಮುಳುಗೇದ್ರಿ. ಅಕ್ಷರ ಕಾಣಂಗಿಲ್ಲ ಇನ್ನ. ಸಾಕ್ ಮಾಡ್ರಿ. ಉಳಿದದ್ದು ನಾಳೆ ಬರದ್ರಾತು."

ಬೆರಳು ಇನ್ನೊಂದು ಸ್ವಲ್ಪ ಆಡಿತು. ನಿಂತಿತು.

ನರ್ಸಮ್ಮ ಆ ಪಟ್ಟಿಯನ್ನು ಸುತ್ತಿ ಜೇಬಿಗೆ ಹಾಕಿಕೊಂಡರು. ಅಕ್ಕ ಬಗ್ಗಿದ ಸೊಂಟ ನೆಟ್ಟಗೆ ಮಾಡಲಿಲ್ಲ. ಸೆರಗು ಎಳೆದರೆ ಬೆಳಕು ಬೀಳುತ್ತದೆ ಎಂದು ಹಾಗೇ ನಿಂತರು. ಭೀಮಸೇನರು ಗೊರಕೆ ಹೊಡೆದರು, ಗೊತ್ತೇ? ಜೋರು ಗೊರಕೆ. ನಾವು ಮೂವರೂ ಅಳುತ್ತಾ ನಕ್ಕೆವು. ಆ ನಿದ್ದೆಯಲ್ಲೇ ಹೋದರು. ನನಗೆ ದುಃಖವಿದೆ, ಬಹಳ ಇದೆ. ಆದರೆ ಅವರ ಕೈ ಕಟ್ಟಲಿಲ್ಲ.

ಇನ್ನು ಸಾಕು. ರಾಮಮೋಹನ್ ಗಾರು, ಸ್ವಿಚ್ಚು ನಿಮ್ಮ ಪಕ್ಕದಲ್ಲೇ ಇದೆ. ಎಲ್ಲ ಲೈಟೂ ಆರಿಸಿಬಿಡಿ. ಯಾರೂ ಫೋನು ತೆಗೆಯಬೇಡಿ.

— ಹಾಂ.

ಕಿಟಕಿಯಲ್ಲಿ ಇನ್ನೂ ಚೂರು ಬೆಳಕಿದೆ. ಈ ಕಾಗದದಲ್ಲಿ ಕೊನೆಗೆ ಒಂದು ಒಳ್ಳೆಯ ಸಾಲು ಬರೆದುಕೊಂಡು ಬಂದಿದ್ದೆ. ಕಾಣುತ್ತಿಲ್ಲ. ಇರಲಿ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಗಡಿಯಾರ ನೋಡುವುದು ಬೇಡ. ಆ ಫೋಟೋದಲ್ಲಿ ಅವರ ಮುಖ ಕಾಣುವಷ್ಟು ಹೊತ್ತು ಸುಮ್ಮನೆ ನಿಲ್ಲೋಣ. ಕಾಣದಾದಾಗ ಅಕ್ಕ ಹೇಳುತ್ತಾರೆ, ಸಾಕು ಮಾಡ್ರಿ ಅಂತ.