ಹೆಣ್ಣುಮಕ್ಕಳಿಗೂ ಬಾಣ

ಪರದೆಯ ಮೇಲಿದ್ದ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರಿನ ಕೆಳಗೆ ↓ ಗುರುತು ಇರಲಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಬೈಂಡಿಂಗಿಗೆ ಕಾದಿದ್ದ ಹುಡುಗಿ, ಕಂಪ್ಯೂಟರಿನ ಮುಂದೆ ಕೂತ ಅಂಗಡಿ ಹುಡುಗನ ಪಕ್ಕ ನಿಂತ ಹೆಂಗಸಿನ ದನಿಗೆ ತಲೆಯೆತ್ತಿದಳು.

“ವಂಶ ನನ್ನ ಹೆಸರಿಗೇ ನಿಂತುಹೋಯ್ತಾ? ಒಂದು ಬಾಣ ಹಾಕಪ್ಪ, ಕೆಳಗೆ ನನ್ನ ಮಗಳ ಹೆಸರು.”

“ಗಂಡುಮಕ್ಕಳಿಗೆ ಮಾತ್ರ ಅಂತ ನಿಮ್ಮಣ್ಣ ಹೇಳಿದಾರೆ ಅಕ್ಕ.”

“ಅವನ ಅಪ್ಪಣೆ ಅವನ ಮನೇಲಿರಲಿ. ಹಾಕು.”

“ಬಾಣ ಕೀಬೋರ್ಡಲ್ಲಿ ಇಲ್ಲ.”

“ಅಣ್ಣಂದು ಆಕಾಶದಿಂದ ಬಿತ್ತಾ? ಅದನ್ನೇ ಕಾಪಿ ಮಾಡಿ ಅಂಟಿಸು. ನನಗೊಂದು, ತಂಗಿಗೊಂದು.”

“ಹಾಳೇಲಿ ಜಾಗ ಇಲ್ಲ.”

“ಮೂಲೇಲಿ ಇಷ್ಟಗಲ ಕೂತಿರೋದು ಯಾರು?”

“ನಿಮ್ಮಣ್ಣನ ಫೋಟೊ.”

“ಎಬ್ಬಿಸು ಅವನನ್ನ.”

“ಬಂದು ಬೈದರೆ?”

“ನನ್ನ ಮನೆ ದಾರಿ ತೋರಿಸು.”

ಮುದ್ರಿಸಿದ ಹಾಳೆಯನ್ನು ಮಡಿಚದೆ ಹಿಡಿದು ಆಕೆ ಮೆಟ್ಟಿಲಿಳಿದಳು. ವಂಶಕ್ಕಾದ ನಷ್ಟ, ಒಂದು ಫೋಟೊ.