ಒಡೆಯದ ಒಂಬತ್ತು ಲಕೋಟೆಗಳು

೧೯೮೫ರ ಒಂದು ಬೆಳಿಗ್ಗೆ ಯಶವಂತಪುರದ ಬಸ್ ನಿಲ್ದಾಣದಲ್ಲಿ, ನನ್ನ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಪಕ್ಕದಲ್ಲಿ ಒಂದೇ ಕಾರ್ಖಾನೆಯ ಇಬ್ಬರು ಕಾರ್ಮಿಕರಿದ್ದರು. ಕಿರಿಯನ ಕೈಯಲ್ಲಿ ಲಕೋಟೆಗಳ ಕಟ್ಟಿತ್ತು. ಹಿರಿಯನ ಬಲಗೈಯಲ್ಲಿ ಎರಡು ಬೆರಳುಗಳಿರಲಿಲ್ಲ.

“ಒಂಬತ್ತು ರಿಜಿಸ್ಟರ್ ಕಾಗದ, ಮುನಿಶಾಮಣ್ಣ. ನಮ್ಮ ಯೂನಿಯನ್ ಕಾಗದ ಬೇಡ ಅಂತ ಮಾಲೀಕ ಒಂದನ್ನೂ ಒಡೀದೆ ವಾಪಸ್ ಕಳಿಸಿದಾನೆ.”

“ಉಪೇಂದ್ರ, ಓದ್ಲೇ ಇಲ್ಲ, ನಂಗೇನೂ ಗೊತ್ತಿಲ್ಲ ಅಂತಾನಲ್ಲ ಅವ್ನು?”

“ಕೋರ್ಟಿನ ಹಳೇ ತೀರ್ಪಿದೆ, ರಿಜಿಸ್ಟರ್ ಕಾಗದ ಬೇಡ ಅಂದ್ರೂ ತಲುಪಿದ ಹಾಗೇ. ಯೂನಿಯನ್ ಜೊತೆ ಮಾತಾಡಲ್ಲ ಅನ್ನೋದೂ ಈಗ ಕಾನೂನಲ್ಲಿ ತಪ್ಪು. ಅದಕ್ಕೇ ಹೆದರ್ಕೊಂಡು ನಿನ್ನೆ ಮಾತುಕತೆಗೆ ಕಾಗದ ಕಳಿಸಿದಾನೆ.”

“ಅದನ್ನೂ ಇಂಗೇ ವಾಪಸ್ ಕಳ್ಸು. ಉರೀಲಿ.”

“ಕಳಿಸಿದ್ರೆ ತಪ್ಪು ನಮ್ಮದಾಗುತ್ತೆ ಕಣಣ್ಣ. ಹೋಗಿ ಕೂತ್ಕೊಳ್ಳೋಣ. ಮೊದಲು ಈ ಒಂಬತ್ತನ್ನೂ ಅವನ ಕೈಲೇ ಒಡೆಸಿ, ಗಟ್ಟಿಯಾಗಿ ಓದಿಸ್ತೀನಿ.”

“ಪ್ರೆಸ್ ಮಿಷನ್ನಿಗೆ ಕೈ ಸಿಗದಂಗೆ ಗಾರ್ಡ್ ಆಕ್ಸಿ ಅಂತ ಬರೆದಿದ್ದು ಯಾವ್ದು?”

“ಮೂರನೇದು. ನಿಮ್ಮ ಕೈ ಸಿಕ್ಕಾಕ್ಕೊಳ್ಳೋಕೆ ಹನ್ನೆರಡು ದಿನ ಮುಂಚೆ ಕಳಿಸಿದ್ದು.”

ಹಿರಿಯ ಆ ಲಕೋಟೆಯನ್ನು ಕಟ್ಟಿನಿಂದ ಎಳೆದು ಮೇಲಿಟ್ಟ.

“ಅದನ್ನ ಎರಡು ಸಲ ಓದ್ಸು. ಅವನು ಓದಿ ಮುಗ್ಸೋಗಂಟ ಈ ಕೈ ಅವನ ಮೇಜಿನ ಮೇಲೇ ಇರ್ತೈತೆ.”

ಪೀಣ್ಯದ ಬಸ್ಸು ಬಂತು. ಮುನಿಶಾಮಣ್ಣ ಬಲಗೈಯಿಂದಲೇ ಕಂಬಿ ಹಿಡಿದು ಹತ್ತಿದ.