ಬಾವಿ ತೊಲೆಯ ಮೇಜು

ಇದು ನಮ್ಮ ದೊಡ್ಡಪ್ಪನ ಮಗ ಮಂಜೇಶನಿಗೆ ಆಗಿದ್ದು. ಗಾಳಿಮಾತಲ್ಲ. ಅವನೇ ನಮ್ಮನೆ ಅಡುಗೆಕೋಣೇಲಿ ಕೂತು, ಬಾಗಿಲಿಗೆ ಚಿಲಕ ಹಾಕಿಸಿ ಹೇಳಿದ್ದು. ನಡುವೆ ಎರಡು ಸಲ ಮಾತು ನಿಲ್ಲಿಸಿ ಹೊರಗೆ ಕಿವಿ ಕೊಟ್ಟ...

ಮಂಜೇಶ ಮರಗೆಲಸದವನು. ಕುಶಾಲನಗರದಿಂದ ಒಳಗೆ ಆರು ಕಿಲೋಮೀಟರು ನಮ್ಮೂರು. ಆವತ್ತು ರೇಣುಕಪ್ರಸಾದನ ಮನೆಯಲ್ಲಿ ಕೆಲಸ ನಿಲ್ಲಿಸಿ ಹೊರಟಾಗ ರಾತ್ರಿ ಹತ್ತೂವರೆ. ಬೈಕು ಪಂಚರ್. ನಡೆದೇ ಹೊರಟ. ಕಾಫಿ ತೋಟದ ನಡುವಿನ ಮಣ್ಣುದಾರಿ. ತೋಟದ ಆಳುಗಳಿರೋ ಲೈನುಮನೆಗಳ ದೀಪ ಆರಿತ್ತು. ಲೈನಿನವರ ಬಾವಿ ಹತ್ತಿರ ಬಂದಾಗ ಕೇಳಿಸಿತು.

ಕಿರ್ರ್... ಕಿರ್ರ್... ಕಿರ್ರ್...

ರಾಟೆ ಸದ್ದು. ಎಣ್ಣೆ ಕಾಣದ ರಾಟೆಯ ಮೇಲೆ ಒದ್ದೆ ಹಗ್ಗ ಎಳೆದ ಹಾಗೆ.

ಮಂಜೇಶ ನಿಂತ. ಯಾಕೆ ಗೊತ್ತಾ? ಆ ಬಾವಿಗೆ ರಾಟೆಯೇ ಇಲ್ಲ. ತಿಂಗಳ ಹಿಂದೆ ಅದರ ಬಾಯಿಗೆ ಕಾಂಕ್ರೀಟ್ ಚಪ್ಪಡಿ ಹಾಕಿ ಮುಚ್ಚಿದ್ದರು. ರಾಟೆ ತೂಗುತ್ತಿದ್ದ ಹಲಸಿನ ತೊಲೆ ರೇಣುಕಪ್ರಸಾದನ ಕೋಣೆಯಲ್ಲಿ ಬಿದ್ದಿತ್ತು. ಅರ್ಧ ಕೀಸಿ ಇಟ್ಟು ಬಂದವನು ಇವನೇ...

ಸ್ವಲ್ಪ ಹಿಂದಕ್ಕೆ ಹೋಗ್ಬೇಕು.

ರೇಣುಕಪ್ರಸಾದ ಆ ತೋಟದ ಯಜಮಾನ. ಹಾಡುಗಾರ. ಮನೆಯ ಹಿಂದಿನ ಕೋಣೆಗೆ ಸ್ಪಂಜು ಬಡಿದು, ಮೈಕು, ಕಂಪ್ಯೂಟರು ತಂದು ರೆಕಾರ್ಡಿಂಗ್ ಮಾಡ್ಕೊಳ್ತಿದ್ದ. ಅಂಗಡಿ ಮೇಜು ಅವನಿಗೆ ಸರಿಬರಲಿಲ್ಲ. "ಕೀಬೋರ್ಡಿಗೆ ಎಳೆಯೋ ಹಲಗೆ ಬೇಕು, ಸ್ಪೀಕರು ಸರಿಯಾಗಿ ಕಿವಿ ಮಟ್ಟಕ್ಕೆ ಕೂರಬೇಕು, ವೈರು ಒಂದೂ ಕಣ್ಣಿಗೆ ಬೀಳಬಾರ್ದು" ಅಂತ ಮಂಜೇಶನನ್ನು ಕರೆಸಿದ್ದ.

ಇವನು ಅಳತೆ ಹಿಡಿಯಲು ಹೋದ ದಿನವೇ ಮುತ್ತಿ ಬಂದಳು.

ಮುತ್ತಿ ಲೈನಿನಲ್ಲಿದ್ದ ಒಂಟಿ ಹೆಂಗಸು. ಕಾಫಿ ಕೊಯ್ಯುವಾಗ ಹಾಡಿದರೆ ಆಚೆ ಗುಡ್ಡದವರು ಕೈ ನಿಲ್ಲಿಸಿ ಕೇಳಬೇಕು, ಅಂಥ ಗಂಟಲು. ಅದಕ್ಕೂ ಮೊದಲೇ ರೇಣುಕಪ್ರಸಾದ ಅವಳನ್ನು ಕೂರಿಸಿ ಅವಳದೇ ಒಂದು ಹಾಡು ರೆಕಾರ್ಡ್ ಮಾಡಿಕೊಂಡಿದ್ದ. ಆಮೇಲೆ ಅದನ್ನೇ ತಾನು ಹಾಡಿ, ನನ್ನ ರಚನೆ ಅಂತ ಹೆಸರು ಹಾಕಿ ಇಂಟರ್ನೆಟ್ಟಿಗೆ ಬಿಟ್ಟಿದ್ದ. ಬಸ್ಸು, ಮದುವೆ ಮನೆ, ಆಟೋ... ಎಲ್ಲ ಕಡೆ ಅದೇ ಹಾಡು.

ಮುತ್ತಿ ಬಾಗಿಲ ಹೊರಗೇ ನಿಂತು ಕೇಳಿದಳು. "ಧಣಿ, ನಂಗೇನೂ ಬೇಡ. ಒಂದ್ಸಲ ನನ್ನ ಹೆಸ್ರು ಹೇಳಿ. ಅದು ನಮ್ಮವ್ವ ಕಲಿಸಿದ ಹಾಡು."

ಅವನು ನಕ್ಕ. ಕಂಪ್ಯೂಟರ್ ಅವಳ ಕಡೆ ತಿರುಗಿಸಿದ. "ನೋಡು, ಇದೇ ತಾನೆ ನಿನ್ನ ದನಿ?" ಒಂದು ಗುಂಡಿ ಒತ್ತಿದ. "ಹೋಯ್ತು. ಈಗ ಹೇಳು, ನೀನು ಹಾಡಿದ್ದಕ್ಕೆ ಸಾಕ್ಷಿ ಯಾರು?"

ಮುತ್ತಿ ಮಂಜೇಶನ ಕಡೆ ನೋಡಿದಳು. ಹಾಡುವಾಗ ಇವನು ದಾರೀಲಿ ನಿಂತು ಎಷ್ಟೋ ಸಲ ಕೇಳಿದ್ದ. ಅದು ಅವಳಿಗೂ ಗೊತ್ತು. ಮಂಜೇಶ ಟೇಪು ಹಿಡಿದು ಗೋಡೆ ಕಡೆ ತಿರುಗಿದ. ದೊಡ್ಡ ಕೆಲಸ, ದೊಡ್ಡ ಮನೆ... ನನಗ್ಯಾಕೆ ಅಂದುಕೊಂಡ.

ಐದನೇ ದಿನ ಮುತ್ತಿ ಬಾವೀಲಿದ್ದಳು. ನೀರು ಸೇದೋಕೆ ಹೋಗಿ ಕಾಲು ಜಾರ್ತು ಅಂದರು. ರೇಣುಕಪ್ರಸಾದ ಬಾವಿ ಮುಚ್ಚಿಸಿ ಲೈನಿಗೆ ನಲ್ಲಿ ಹಾಕಿಸಿದ. ತೊಲೆಯನ್ನು ಮಾತ್ರ ಮನೆಗೆ ತರಿಸಿದ. "ಹಳೇ ಹಲಸು ಕಣೋ ಮಂಜೇಶ, ಹೊಳಪು ಕೊಟ್ರೆ ಚಿನ್ನದ ಬಣ್ಣ ಬರುತ್ತೆ. ಮೇಜಿನ ಮುಂದಿನ ಅಂಚಿಗೆ ಇದನ್ನೇ ಹಾಕು."

ತೊಲೆಯಲ್ಲಿ ಹಗ್ಗ ಉಜ್ಜಿದ ಗುರುತು ಮಂಜೇಶನ ಕಣ್ಣಿಗೆ ಬಿತ್ತು. ಆದರೂ ಕೀಸುಳಿ ಹಿಡಿದ. ಸರ್ರ್, ಸರ್ರ್ ಅಂತ ಹೊಟ್ಟು ಸುರುಳಿ ಸುತ್ತಿ ಬೀಳುತ್ತಿತ್ತು. ಕೈ ನಿಲ್ಲಿಸಿದ ಮೇಲೂ ಇನ್ನೊಂದು ಸಲ... ಸರ್ರ್.

ಈಗ ಬಾವಿ ಹತ್ತಿರ ನಿಂತಿದ್ದನಲ್ಲ, ಅಲ್ಲಿಗೆ ಬರ್ತೀನಿ.

ರಾಟೆ ಸದ್ದು ನಿಂತಿತು. ಚಪ್ಪಡಿ ಮೇಲೆ ಯಾರೋ ಕೂತಿದ್ದರು. ಬೆನ್ನು ಈ ಕಡೆ. ಸೆರಗಿನಿಂದ ನೀರು ಬೀಳ್ತಿತ್ತು. ಟಪ್... ಟಪ್... ಅದು ಬೇಸಿಗೆ, ನೆಲವೆಲ್ಲ ಧೂಳು.

"ಆಚಾರೀ..."

ಮುತ್ತಿಯ ದನಿ. ಮಂಜೇಶ ತಲೆ ತಗ್ಗಿಸಿದ.

"ಅವತ್ತು ನೀನೂ ಇದ್ದೆ."

"ಇದ್ದೆ..."

"ಬಾಯಿ ಬಿಡ್ಲಿಲ್ಲ."

"ಇಲ್ಲ. ತಪ್ಪಾಯ್ತು ಅಕ್ಕ."

ಟಪ್... ಟಪ್...

"ತೊಲೆ ಎಲ್ಲಿ ಕೂರಿಸ್ತೀಯ?"

"ಮೈಕಿನ ಕೆಳಗೆ... ಅವರು ಕೂತು ಹಾಡೋ ಜಾಗದಲ್ಲಿ."

"ಗಟ್ಟಿಯಾಗಿ ಕೂರ್ಸು. ಅಲ್ಲಾಡಬಾರ್ದು."

ಅಷ್ಟೇ. ಮಂಜೇಶ ತಲೆ ಎತ್ತಿದಾಗ ಚಪ್ಪಡಿ ಖಾಲಿ. ಮನೆಗೆ ಹೇಗೆ ಬಂದನೋ ಅವನಿಗೇ ಗೊತ್ತಿಲ್ಲ.

ಮಾರನೇ ದಿನ ಕೆಲಸ ಬಿಟ್ಟು ಓಡಬಹುದಿತ್ತು. ಬೇರೆ ಮರ ಹಾಕಬಹುದಿತ್ತು. ಮಂಜೇಶ ಎರಡೂ ಮಾಡಲಿಲ್ಲ. ಹೆದರಿಕೆ ಇತ್ತು, ಸುಳ್ಳು ಹೇಳಲ್ಲ ಅಂದ. ಆದರೆ ಅದೇ ತೊಲೆಯನ್ನು ಅವಳು ಹೇಳಿದ ಹಾಗೇ ಕೂರಿಸಿದನಂತೆ. ಕಬ್ಬಿಣದ ಮೊಳೆ ಒಂದೂ ಹೊಡೆಯಲಿಲ್ಲ. ತೂತು ಕೊರೆದು, ಗೋಂದು ಹಾಕಿ, ಹಲಸಿನದೇ ಬೆಣೆ ಜಡಿದ. ಎಂಟು ಬೆಣೆ. ಒಂದೊಂದು ಏಟಿಗೂ ಮನಸ್ಸಿನಲ್ಲೇ ಅಂದ: ಮುತ್ತಿ. ಮುತ್ತಿ. ಮುತ್ತಿ.

ಮೇಜು ನೋಡಿ ರೇಣುಕಪ್ರಸಾದ ಕುಣಿದಾಡಿಬಿಟ್ಟ. ತೊಲೆ ಸವರಿದ. "ಇಲ್ಲೇ ಇರು ಮಂಜೇಶ, ಮೊದಲನೇ ಹಾಡು ನಿನ್ನೆದುರೇ ಆಗ್ಲಿ." ಸಂಜೆ ಐದು ಗಂಟೆ, ಕಿಟಕಿ ತುಂಬ ಬಿಸಿಲು. ಹಾರ್ಮೋನಿಯಂ ಹಿಡಿದು ಹಾಡಿದ. ಯಾವ ಹಾಡು ಅಂತ ಬೇರೆ ಹೇಳಬೇಕಾ? ಅದೇ ಹಾಡು.

ಮುಗಿಸಿ, ಮತ್ತೆ ಕೇಳಲು ಗುಂಡಿ ಒತ್ತಿದ.

ಹಾರ್ಮೋನಿಯಂ ಬಂತು. ಫ್ಯಾನಿನ ಗಾಳಿ ಬಂತು. ಬಾಗಿಲಲ್ಲಿ ಮಂಜೇಶ ಕೆಮ್ಮಿದ್ದು ಬಂತು. ಹಾಡು ಮಾತ್ರ ಬರಲಿಲ್ಲ. ಅವನ ದನಿ ಇರಬೇಕಾದ ಕಡೆ ಏನೂ ಇಲ್ಲ...

ವೈರು ಬದಲಾಯಿಸಿದ. ಮೈಕು ಬದಲಾಯಿಸಿದ. ಮೈಸೂರಿನಿಂದ ಬಂದ ಮೆಕ್ಯಾನಿಕ್ ಕೂತು "ಒನ್, ಟೂ, ತ್ರೀ" ಅಂದರೆ ಗಂಟೆ ಹೊಡೆದ ಹಾಗೆ ಬರುತ್ತೆ. ರೇಣುಕಪ್ರಸಾದ ಅಂದರೆ ಮೌನ. ಮೊಬೈಲಲ್ಲಿ ರೆಕಾರ್ಡ್ ಮಾಡಿದರೂ ಅಷ್ಟೇ. ಹತ್ತನೇ ದಿನಕ್ಕೆ ಬಿಟ್ಟಿದ್ದ ಹಾಡೂ ಹೋಯ್ತು. ಎಲ್ಲರ ಫೋನಲ್ಲೂ ಬರೀ ವಾದ್ಯ. ಅವನು ಹಾಡಿದ್ದು ಒಂದಕ್ಷರ ಇಲ್ಲ.

ಹದಿನೈದನೇ ದಿನ ಮಂಜೇಶನ ಮನೆ ಬಾಗಿಲಿಗೆ ಬಂದ. ಗಡ್ಡ ಬೆಳೆದಿತ್ತು. "ಆ ತೊಲೆ ಬಿಚ್ಚಿಕೊಡೋ, ಕೈ ಮುಗೀತೀನಿ."

ಮಂಜೇಶ ಹೋದ. ಬೆಣೆಗೆ ಉಳಿ ಇಟ್ಟು ಹೊಡೆದ, ಉಳಿಯ ಬಾಯೇ ಮುರಿಯಿತು. ಗರಗಸ ಇಟ್ಟ, ಹಲ್ಲು ಮಡಚಿಕೊಂಡವು. ಕೈ ಚೆಲ್ಲಿ ಹೇಳಿದ. "ಅಣ್ಣಾ, ಇನ್ನು ನನ್ನ ಕೈಲಿಲ್ಲ. ಅವಳ ಹೆಸ್ರು ಹೇಳಿ. ಮೈಕ್ ಮುಂದೆ ಕೂತು ಹೇಳಿ."

ರೇಣುಕಪ್ರಸಾದ ಕೂತ. ಅತ್ತ. ಎಲ್ಲ ಹೇಳಿದ. "ಇದು ಮುತ್ತಿಯ ಹಾಡು. ನಾನು ಕದ್ದೆ. ಅವಳ ದನಿ ನಾನೇ ಅಳಿಸಿದೆ." ಮೂರು ಸಲ ಹೇಳಿದ. ಮಂಜೇಶ ಕಿವಿಯಾರೆ ಕೇಳಿದ್ದಾನೆ.

ಗುಂಡಿ ಒತ್ತಿದರು.

ಫ್ಯಾನಿನ ಗಾಳಿ. ಮೂಗು ಒರೆಸಿದ್ದು. ಕುರ್ಚಿ ಕಿರುಗುಟ್ಟಿದ್ದು. ತಪ್ಪೊಪ್ಪಿಗೆ ಇಲ್ಲ. ಮುತ್ತಿಯ ಹೆಸರೂ ಇಲ್ಲ... ಅವನು ಮತ್ತೆ ಮತ್ತೆ ಒತ್ತಿದ. ಆಗ ಆ ಮುಚ್ಚಿದ ಕೋಣೆಯಲ್ಲಿ, ಸ್ಪೀಕರಿನಲ್ಲಲ್ಲ, ಮೇಜಿನ ಒಳಗಿಂದ, ಒಬ್ಬ ಹೆಂಗಸು ಮೆಲ್ಲಗೆ ನಕ್ಕಳಂತೆ.

ಮಂಜೇಶ ಆ ಮನೆ ಕಡೆ ಮತ್ತೆ ಹೋಗಿಲ್ಲ. ಲೈನಿನವರಿಗೆಲ್ಲ ತಾನೇ ಹೋಗಿ ಹೇಳಿ ಬಂದ, ಹಾಡು ಯಾರದು ಅಂತ. ಈಗ ಎಲ್ಲರೂ ಅದಕ್ಕೆ ಮುತ್ತಿ ಹಾಡು ಅಂತಲೇ ಅಂತಾರೆ.

ನಂಬಲ್ವಾ? ಬಿಡಿ. ಹೋದ ವಾರ ತೋಟದ ಮೆಣಸಿನ ವಿಚಾರಕ್ಕೆ ನಾನೇ ರೇಣುಕಪ್ರಸಾದನಿಗೆ ಫೋನ್ ಮಾಡಿದ್ದೆ. ಎತ್ತಿದ. ನಾಯಿ ಬೊಗಳಿದ್ದು ಕೇಳಿಸಿತು, ಪಕ್ಕದಲ್ಲಿ ಯಾರೋ ಪಾತ್ರೆ ಇಟ್ಟಿದ್ದು ಕೇಳಿಸಿತು. ಒಂದು ನಿಮಿಷ ಹಲೋ, ಹಲೋ ಅಂದೆ. ಕೊನೆಗೆ ಅವನ ಹೆಂಡತಿ ಫೋನ್ ಇಸ್ಕೊಂಡು, "ಅವರು ಆಗಿಂದ ಮಾತಾಡ್ತಾನೇ ಇದಾರಲ್ಲ, ಕೇಳಿಸ್ತಿಲ್ವಾ?" ಅಂದರು.